ಇದ್ದರೆ, ಇದ್ದರೆ ಮಾತ್ರ, ಇದ್ದರೂ: ಪ್ರೌಢಶಾಲೆಯಲ್ಲಿ ತರ್ಕದ ಪಾಠವೂ ವ್ಯವಹಾರದ ಪಾಠವೂ

(ಪ್ರೌಢಶಾಲಾ ಶಿಕ್ಷಕರು ಮತ್ತು ಪೋಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಶಿಕ್ಷಕ ಬಂಧುಗಳೇ, ಪೋಷಕರೇ,

ನಮ್ಮ ಪ್ರೌಢಶಾಲೆಗಳಲ್ಲಿ ಎರಡು ಪಾಠಗಳು ಅಕ್ಕಪಕ್ಕದಲ್ಲೇ ನಡೆಯುತ್ತವೆ, ಆದರೆ ಒಂದಕ್ಕೊಂದು ಪರಿಚಯವಿಲ್ಲ. ಒಂದು, ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ (ರಾಷ್ಟ್ರೀಯ ಆದಾಯ ಮತ್ತು ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ) ಪರೀಕ್ಷೆಗೆಂದು ಹೇಳಿಕೊಡುವ ಬೌದ್ಧಿಕ ಸಾಮರ್ಥ್ಯದ ಪಾಠ: ಸಂಬಂಧ ಗುರುತಿಸಿ, ಗುಂಪಿಗೆ ಸೇರದ್ದನ್ನು ಆರಿಸಿ, ಸಂಕೇತ ಬಿಡಿಸಿ, ಹೇಳಿಕೆಯಿಂದ ತೀರ್ಮಾನ ತೆಗೆಯಿರಿ. ಇನ್ನೊಂದು, ರಾಜ್ಯ ಪಠ್ಯಕ್ರಮದ ಸಮಾಜ ವಿಜ್ಞಾನದಲ್ಲಿ ಕೊನೆಗೆ ಬರುವ ವ್ಯವಹಾರ ಅಧ್ಯಯನ: ಎಂಟರಲ್ಲಿ ವ್ಯವಹಾರ ಸಂಘಟನೆಗಳು, ಒಂಬತ್ತರಲ್ಲಿ ಹಣಕಾಸು ನಿರ್ವಹಣೆ ಮತ್ತು ಲೆಕ್ಕಪತ್ರ, ಹತ್ತರಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕ ಶಿಕ್ಷಣ. ಮೊದಲನೆಯದನ್ನು ಗೈಡ್ ಪುಸ್ತಕದ ಅಡ್ಡದಾರಿಗಳಲ್ಲಿ ಮುಗಿಸುತ್ತೇವೆ. ಎರಡನೆಯದಕ್ಕೆ ಫೆಬ್ರವರಿಯಲ್ಲಿ ಸಮಯ ಸಾಲದೆ ನೋಟ್ಸ್ ಬರೆಸಿ ಕೈತೊಳೆದುಕೊಳ್ಳುತ್ತೇವೆ.

ನನ್ನ ಮಾತು ಇಷ್ಟೇ: ಈ ಎರಡನ್ನೂ ಒಂದೇ ಪಾಠವಾಗಿ ಕಲಿಸಬಹುದು, ಹಾಗೆ ಕಲಿಸಿದರೆ ಎರಡೂ ಗಟ್ಟಿಯಾಗುತ್ತವೆ. ತರ್ಕ ಎಂದರೆ ಒಂದು ವಾಕ್ಯ ಏನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬೇರ್ಪಡಿಸುವ ಅಭ್ಯಾಸ. ಅದು ನಿಜವಾಗಿ ಬೇಕಾಗುವುದು ಬಿಲ್ಲು, ಚೆಕ್ಕು, ಸಾಲದ ಕರಾರು, ಆಫರ್ ಜಾಹೀರಾತು ಓದುವಾಗ.

ಪೋಷಕರಿಗಾಗಿ ಪರೀಕ್ಷೆಯ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಈ ವಿದ್ಯಾರ್ಥಿವೇತನ ಯೋಜನೆ 2008ರಲ್ಲಿ ಶುರುವಾಯಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಇದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಬೌದ್ಧಿಕ ಸಾಮರ್ಥ್ಯಕ್ಕೆ 90 ಪ್ರಶ್ನೆ, 90 ನಿಮಿಷ. ಪಠ್ಯ ವಿಷಯಗಳ ಪತ್ರಿಕೆಗೂ ಅಷ್ಟೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅರ್ಹತೆಗೆ ಶೇ. 40 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 32. ಇಲ್ಲೇ ಮೊದಲ ತರ್ಕದ ಪ್ರಶ್ನೆ ಇದೆ. "ನನ್ನ ಮಗಳಿಗೆ ಶೇ. 45 ಬಂದಿದೆ, ಸ್ಕಾಲರ್‌ಶಿಪ್ ಯಾಕೆ ಬರಲಿಲ್ಲ?" ಎಂದು ಪೋಷಕರು ಕೇಳುತ್ತಾರೆ. ಶೇ. 40 ಬಂದರೆ ಮಾತ್ರ ಪಟ್ಟಿಗೆ ಪರಿಗಣನೆ, ಶೇ. 40 ಬಂದರೆ ಸಾಕು ಎಂದು ಎಲ್ಲೂ ಹೇಳಿಲ್ಲ. ಆಯ್ಕೆ ನಡೆಯುವುದು ಮೆರಿಟ್ ಪಟ್ಟಿಯ ಮೇಲೆ, ಮೀಸಲಾತಿ ಮತ್ತು ಸ್ಥಾನಗಳ ಸಂಖ್ಯೆ ನೋಡಿಕೊಂಡು.

ಈ "-ರೆ", "-ರೆ ಮಾತ್ರ", "-ರೂ" ಎಂಬ ಮೂರು ಕೊನೆಗಳಿಂದಲೇ ಪಾಠ ಆರಂಭಿಸಿ. ಕರಿಹಲಗೆಯ ಮೇಲೆ ಬಟ್ಟೆ ಅಂಗಡಿಯ ಮೂರು ಬೋರ್ಡು ಬರೆಯಿರಿ.

ಬಿಲ್ ಇದ್ದರೆ ಬದಲಾಯಿಸಿ ಕೊಡುತ್ತೇವೆ.
ಬಿಲ್ ಇದ್ದರೆ ಮಾತ್ರ ಬದಲಾಯಿಸಿ ಕೊಡುತ್ತೇವೆ.
ಬಿಲ್ ಇದ್ದರೂ ಬದಲಾಯಿಸಿ ಕೊಡುವುದಿಲ್ಲ.

ಪಕ್ಕದಲ್ಲಿ ನಾಲ್ಕು ಸಾಲಿನ ಕೋಷ್ಟಕ ಹಾಕಿ: ಬಿಲ್ ಇದೆ, ಬದಲಾಯಿಸಿದರು; ಬಿಲ್ ಇದೆ, ಬದಲಾಯಿಸಲಿಲ್ಲ; ಬಿಲ್ ಇಲ್ಲ, ಬದಲಾಯಿಸಿದರು; ಬಿಲ್ ಇಲ್ಲ, ಬದಲಾಯಿಸಲಿಲ್ಲ. "ಬೋರ್ಡಿನ ಅರ್ಥವೇನು?" ಎಂದು ಕೇಳಬೇಡಿ. "ಯಾವ ಸಾಲು ನಡೆದರೆ ಅಂಗಡಿಯವರು ಬೋರ್ಡಿಗೆ ತಪ್ಪಿ ನಡೆದಂತೆ?" ಎಂದು ಕೇಳಿ. ಮೊದಲ ಬೋರ್ಡಿಗೆ ತಪ್ಪುವುದು ಎರಡನೇ ಸಾಲಿನಲ್ಲಿ ಮಾತ್ರ. ಬಿಲ್ ಇಲ್ಲದವರಿಗೂ ಬದಲಾಯಿಸಿ ಕೊಟ್ಟರೆ ಆ ಬೋರ್ಡು ಸುಳ್ಳಾಗುವುದಿಲ್ಲ, ಅವರ ವಿಷಯದಲ್ಲಿ ಅದು ಬಾಯಿಯನ್ನೇ ಬಿಟ್ಟಿಲ್ಲ. ಎರಡನೇ ಬೋರ್ಡಿಗೆ ತಪ್ಪುವುದು ಮೂರನೇ ಸಾಲು. ಅಂದರೆ ಬಿಲ್ ಇದೆ, ಆದರೆ ಬಟ್ಟೆ ಒಗೆದಿದ್ದಾರೆ ಎಂಬ ಕಾರಣಕ್ಕೆ ವಾಪಸ್ ಕಳಿಸಿದರೂ ಎರಡನೇ ಬೋರ್ಡು ಮುರಿಯುವುದಿಲ್ಲ. ಮಕ್ಕಳು ಹೆಚ್ಚು ತಕರಾರು ಮಾಡುವುದು ಇಲ್ಲೇ, ಮಾಡಲಿ ಬಿಡಿ. ಮಾತುಕತೆಯಲ್ಲಿ "ಇದ್ದರೆ ಮಾತ್ರ" ಎಂದಾಗ "ಇದ್ದರೆ ಖಂಡಿತ" ಎಂಬುದನ್ನೂ ನಾವೇ ಸೇರಿಸಿಕೊಂಡು ಕೇಳಿಸಿಕೊಳ್ಳುತ್ತೇವೆ. ಕಾಗದದ ಮೇಲೆ ಆ ಸೇರ್ಪಡೆಗೆ ಬೆಲೆಯಿಲ್ಲ. ಮೂರನೇ ಬೋರ್ಡು ಎರಡು ಸಾಲುಗಳಲ್ಲಿ ಮುರಿಯುತ್ತದೆ: "ಇದ್ದರೂ ಇಲ್ಲ" ಎಂದ ಮೇಲೆ ಇಲ್ಲದವರಿಗಂತೂ ಇಲ್ಲ.

ಈ ಕೋಷ್ಟಕಕ್ಕೆ ಒಂದು ಇಡೀ ಪೀರಿಯಡ್ ಕೊಡಿ. ಹೇಳಿಕೆ ಮತ್ತು ತೀರ್ಮಾನದ ಪ್ರಶ್ನೆಗಳಲ್ಲಿ ಮಕ್ಕಳು ಎಡವುವುದಕ್ಕೆ ದೊಡ್ಡ ಕಾರಣ, ವಾಕ್ಯವನ್ನು ತಿರುಗಿಸಿ ಓದುವುದು. "ಮಳೆ ಬಂದರೆ ನೆಲ ಒದ್ದೆ" ಎಂಬುದರಿಂದ "ನೆಲ ಒದ್ದೆಯಾಗಿದ್ದರೆ ಮಳೆ ಬಂದಿದೆ" ಎಂದು ಹೇಳಿಬಿಡುತ್ತಾರೆ. ತಿರುಗಿಸಬೇಕಾದರೆ ಎರಡು ಕಡೆಯೂ "ಇಲ್ಲ" ಹಾಕಿ ತಿರುಗಿಸಬೇಕು: ನೆಲ ಒದ್ದೆಯಾಗಿಲ್ಲ, ಹಾಗಾದರೆ ಮಳೆ ಬಂದಿಲ್ಲ. ಇದನ್ನು ಸೂತ್ರವಾಗಿ ಬಾಯಿಪಾಠ ಮಾಡಿಸಿದರೆ ಒಂದು ವಾರದಲ್ಲಿ ಮರೆಯುತ್ತಾರೆ. ನಾಲ್ಕು ಸಾಲಿನ ಕೋಷ್ಟಕದಿಂದ ಬಂದರೆ ಉಳಿಯುತ್ತದೆ.

ಇದೇ ಕ್ರಮದಲ್ಲಿ ಯುಪಿಐ ಪಿನ್ ವಿಷಯ ತೆಗೆದುಕೊಳ್ಳಿ. "ಹಣ ಪಡೆಯಲು ಪಿನ್ ಬೇಡ" ಎಂಬ ಎಚ್ಚರಿಕೆ ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೂ "ನಿಮಗೆ ಹಣ ಬಂದಿದೆ, ಪಿನ್ ಹಾಕಿ" ಎಂದಾಗ ಜನ ಹಾಕಿಬಿಡುತ್ತಾರೆ, ಏಕೆಂದರೆ ವಾಕ್ಯವನ್ನು ತಿರುಗಿಸಿಟ್ಟುಕೊಂಡಿಲ್ಲ. ತಿರುಗಿಸಿದರೆ ಹೀಗೆ: ಪರದೆ ಪಿನ್ ಕೇಳುತ್ತಿದೆ, ಹಾಗಾದರೆ ಇದು ಹಣ ಬರುವ ವ್ಯವಹಾರವಲ್ಲ. ಹಣ ಹೋಗುತ್ತಿರಬಹುದು, ಬ್ಯಾಲೆನ್ಸ್ ನೋಡುವುದೂ ಇರಬಹುದು, ಅದಕ್ಕೂ ಪಿನ್ ಬೇಕು. ಬರುವುದಂತೂ ಅಲ್ಲ. ಮೋಸ ಆಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎನ್ನುವುದನ್ನೂ ಇದೇ ಪಾಠದಲ್ಲಿ ಬರೆಸಿ.

ಇನ್ನು "ಎಲ್ಲ" ಮತ್ತು "ಕೆಲವು". ಪ್ರಶ್ನೆ ಬರೆಯುವ ಶಿಕ್ಷಕರು ಇಲ್ಲಿ ಬಹಳ ಹುಷಾರಾಗಿರಬೇಕು. "ಎಲ್ಲ ಅಂಗಡಿಗಳಲ್ಲೂ ಬಿಲ್ ಕೊಡುವುದಿಲ್ಲ" ಎಂಬ ವಾಕ್ಯವನ್ನು ಅರ್ಧ ತರಗತಿ "ಯಾವ ಅಂಗಡಿಯಲ್ಲೂ ಕೊಡುವುದಿಲ್ಲ" ಎಂದು ಓದುತ್ತದೆ, ಇನ್ನರ್ಧ "ಕೆಲವು ಕಡೆ ಕೊಡುವುದಿಲ್ಲ" ಎಂದು. ಇಬ್ಬರದೂ ತಪ್ಪಲ್ಲ, ವಾಕ್ಯವೇ ಎರಡು ಕಡೆ ವಾಲುತ್ತದೆ. ಒಂದೂ ಇಲ್ಲ ಎನ್ನಬೇಕಾದರೆ "ಯಾವ ಅಂಗಡಿಯಲ್ಲೂ" ಎಂದು ಬರೆಯಿರಿ. ಕೆಲವು ಇಲ್ಲ ಎನ್ನಬೇಕಾದರೆ "ಎಲ್ಲ ಅಂಗಡಿಗಳಲ್ಲೂ ಕೊಡುತ್ತಾರೆ ಎಂದೇನಿಲ್ಲ" ಎಂದು ಬರೆಯಿರಿ. "ಕೆಲವು" ಎಂಬುದಕ್ಕೆ ತರ್ಕದ ಪತ್ರಿಕೆಯಲ್ಲಿ ಕನಿಷ್ಠ ಒಂದು ಎಂದಷ್ಟೇ ಅರ್ಥ, ಎಲ್ಲವೂ ಇರಬಹುದು. ಮನೆಮಾತಿನಲ್ಲಿ "ಕೆಲವು ಮಕ್ಕಳು ಪಾಸಾದರು" ಎಂದರೆ ಉಳಿದವರು ಫೇಲಾದರು ಎಂದೇ ಕೇಳಿಸುತ್ತದೆ. ಈ ವ್ಯತ್ಯಾಸವನ್ನು ಮೊದಲ ದಿನವೇ ಹೇಳಿಬಿಡಬೇಕು.

ಒಂದು ಉದಾಹರಣೆ. ಎಲ್ಲ ಕಂಪನಿಗಳೂ ವ್ಯವಹಾರ ಸಂಸ್ಥೆಗಳು. ಕೆಲವು ವ್ಯವಹಾರ ಸಂಸ್ಥೆಗಳು ನಷ್ಟದಲ್ಲಿವೆ. ಹಾಗಾದರೆ ಕೆಲವು ಕಂಪನಿಗಳು ನಷ್ಟದಲ್ಲಿವೆಯೇ? ಹೆಚ್ಚಿನ ಮಕ್ಕಳು ಹೌದು ಎನ್ನುತ್ತಾರೆ, ಏಕೆಂದರೆ ನಿಜ ಜಗತ್ತಿನಲ್ಲಿ ಅದು ಹೌದು. ಪ್ರಶ್ನೆ ಕೇಳಿದ್ದು ಈ ಎರಡು ವಾಕ್ಯಗಳಿಂದ ಅದು ಹೊರಡುತ್ತದೆಯೇ ಎಂದು. ವ್ಯವಹಾರ ಸಂಸ್ಥೆಗಳ ದೊಡ್ಡ ವೃತ್ತ ಬರೆಯಿರಿ, ಅದರೊಳಗೆ ಕಂಪನಿಗಳ ಚಿಕ್ಕ ವೃತ್ತ. ನಷ್ಟದ ಗುರುತನ್ನು ಚಿಕ್ಕ ವೃತ್ತದ ಹೊರಗೆ, ದೊಡ್ಡದರ ಒಳಗೆ ಇಡಿ. ಎರಡೂ ಹೇಳಿಕೆಗಳು ಕೆಡಲಿಲ್ಲ, ತೀರ್ಮಾನ ಬಿತ್ತು. ತೀರ್ಮಾನವನ್ನು ಸಮರ್ಥಿಸುವ ಚಿತ್ರ ಬರೆಯುವುದನ್ನಲ್ಲ, ಅದನ್ನು ಬೀಳಿಸುವ ಚಿತ್ರ ಬರೆಯಲು ಪ್ರಯತ್ನಿಸುವುದನ್ನು ಕಲಿಸಿ. ಎಷ್ಟು ಪ್ರಯತ್ನಿಸಿದರೂ ಬೀಳಿಸಲಾಗದಿದ್ದರೆ ಅದು ಸರಿ.

ಸಂಬಂಧ ಗುರುತಿಸುವ ಪ್ರಶ್ನೆಗೆ ಒಂದೇ ಉಪಾಯ: ಸಂಬಂಧವನ್ನು ಒಂದು ಪೂರ್ತಿ ವಾಕ್ಯವಾಗಿ ಬರೆಯುವುದು. "ಸಾಲ : ಬಡ್ಡಿ" ಎಂದಾಗ "ಇವೆರಡೂ ಹಣದ ವಿಷಯ" ಎಂದು ನಿಂತರೆ ನಾಲ್ಕೂ ಆಯ್ಕೆಗಳು ಸರಿ ಕಾಣುತ್ತವೆ. "ಮೊದಲನೆಯದನ್ನು ಬಳಸಿದ್ದಕ್ಕೆ ಕೊಡುವ ಪ್ರತಿಫಲ ಎರಡನೆಯದು" ಎಂದು ಬರೆದರೆ "ಮನೆ : ಬಾಡಿಗೆ" ಹೊಂದುತ್ತದೆ, "ಕೂಲಿ : ದುಡಿಮೆ" ತಲೆಕೆಳಗಾಗಿದೆ ಎಂದು ಗೊತ್ತಾಗುತ್ತದೆ. ಪತ್ರಿಕೆ ತಯಾರಿಸುವವರು ಇಂಥ ತಲೆಕೆಳಗಿನ ಜೋಡಿಯನ್ನು ಬೇಕೆಂದೇ ಇಡುತ್ತಾರೆ.

ಗುಂಪಿಗೆ ಸೇರದ್ದನ್ನು ಆರಿಸುವ ಪ್ರಶ್ನೆಗೆ ಎಂಟನೇ ತರಗತಿಯ ಪಾಠವೇ ಸಾಕು: ಏಕವ್ಯಕ್ತಿ ಮಾಲೀಕತ್ವ, ಪಾಲುದಾರಿಕೆ, ಸಹಕಾರ ಸಂಘ, ಕಂಪನಿ. ಕಾನೂನಿನ ದೃಷ್ಟಿಯಲ್ಲಿ ಮಾಲೀಕರಿಂದ ಬೇರೆಯಾದ ವ್ಯಕ್ತಿತ್ವ ಯಾವುದಕ್ಕಿದೆ ಎಂದು ನೋಡಿದರೆ ಎರಡು ಆ ಕಡೆ, ಎರಡು ಈ ಕಡೆ. ಆ ಅಳತೆಗೋಲು ಕೆಲಸಕ್ಕೆ ಬಾರದು. ಎಷ್ಟು ಮಂದಿ ಮಾಲೀಕರು ಎಂದು ನೋಡಿದರೆ ಏಕವ್ಯಕ್ತಿ ಮಾಲೀಕತ್ವ ಬೇರೆ. ಬಂಡವಾಳ ಎಷ್ಟೇ ಹಾಕಿರಲಿ, ಒಬ್ಬರಿಗೆ ಒಂದೇ ಮತ ಎಂಬ ನಿಯಮ ಹಿಡಿದರೆ ಸಹಕಾರ ಸಂಘ ಬೇರೆ. ಒಂದಕ್ಕಿಂತ ಹೆಚ್ಚು ಉತ್ತರ ಬರುವ ಇಂಥ ಪ್ರಶ್ನೆ ಪರೀಕ್ಷೆಗೆ ಕೆಟ್ಟದ್ದು, ತರಗತಿಗೆ ತುಂಬ ಒಳ್ಳೆಯದು. ಸಹಕಾರದ ಮಾತು ಬಂದಾಗ ಗದಗ ಜಿಲ್ಲೆಯ ಕಣಗಿನಹಾಳವನ್ನು ಹೆಸರಿಸದೆ ಮುಂದೆ ಹೋಗಬೇಡಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬರಿಗೆ ಒಂದೇ ಮತ ಯಾಕೆ ಬೇಕಾಯಿತು ಎಂಬ ಚರ್ಚೆಗೆ ಅದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈಗ ಸಂಕೇತ ಬಿಡಿಸುವ ಪ್ರಶ್ನೆಗಳು. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ಜೇಬಿನಲ್ಲಿರುವ ಪ್ರತಿ ಬಿಲ್ಲಿನಲ್ಲೂ ಒಂದು ಸಂಕೇತ ಇದೆ, ಅದನ್ನು ಯಾರೂ ಮಕ್ಕಳಿಗೆ ತೋರಿಸುವುದಿಲ್ಲ.

ಯಾವುದಾದರೂ ದೊಡ್ಡ ಅಂಗಡಿಯ ಅಥವಾ ಹೋಟೆಲಿನ ಬಿಲ್ ತನ್ನಿ. ಮೇಲ್ಭಾಗದಲ್ಲಿ 15 ಅಕ್ಷರ ಮತ್ತು ಅಂಕಿಗಳ ಜಿಎಸ್‌ಟಿ ನೋಂದಣಿ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಮುಂದಿನ ಹತ್ತು ಸ್ಥಾನಗಳು ಮಾಲೀಕರ ಪ್ಯಾನ್ ಸಂಖ್ಯೆ: ಐದು ಅಕ್ಷರ, ನಾಲ್ಕು ಅಂಕಿ, ಮತ್ತೆ ಒಂದು ಅಕ್ಷರ. ಹದಿಮೂರನೆಯದು ಅದೇ ಪ್ಯಾನ್‌ಗೆ ಆ ರಾಜ್ಯದಲ್ಲಿ ಇದು ಎಷ್ಟನೇ ನೋಂದಣಿ ಎಂಬುದು. ಹದಿನಾಲ್ಕನೆಯದು ಸಾಮಾನ್ಯವಾಗಿ ಝಡ್. ಕೊನೆಯದು ಉಳಿದ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆದ ತಪಾಸಣೆ ಅಕ್ಷರ ಅಥವಾ ಅಂಕಿ. ಇನ್ನು ಪ್ಯಾನ್‌ನ ಒಳಗೆ ಹೋಗಿ. ಅದರ ನಾಲ್ಕನೇ ಅಕ್ಷರ ಮಾಲೀಕರು ಯಾವ ಬಗೆಯವರು ಎಂದು ಹೇಳುತ್ತದೆ: ಪಿ ಆದರೆ ವ್ಯಕ್ತಿ, ಸಿ ಆದರೆ ಕಂಪನಿ, ಎಫ್ ಆದರೆ ಪಾಲುದಾರಿಕೆ ಸಂಸ್ಥೆ, ಎಚ್ ಆದರೆ ಹಿಂದೂ ಅವಿಭಕ್ತ ಕುಟುಂಬ, ಟಿ ಆದರೆ ಟ್ರಸ್ಟ್.

ಇವೆರಡನ್ನೂ ಜೋಡಿಸುವ ಕೆಲಸ ಮಕ್ಕಳದ್ದು. ಪ್ಯಾನ್‌ನ ನಾಲ್ಕನೇ ಅಕ್ಷರ ಜಿಎಸ್‌ಟಿ ಸಂಖ್ಯೆಯಲ್ಲಿ ಎಷ್ಟನೇ ಸ್ಥಾನಕ್ಕೆ ಬರುತ್ತದೆ? ಮುಂದೆ ಎರಡು ಅಂಕಿ ಸೇರಿದ್ದರಿಂದ ಆರನೆಯದಕ್ಕೆ. ಅಂದರೆ ಬಿಲ್ಲಿನ ಆರನೇ ಅಕ್ಷರ ನೋಡಿ, ಆ ಅಂಗಡಿ ಒಬ್ಬ ವ್ಯಕ್ತಿಯದೋ ಪಾಲುದಾರರದೋ ಕಂಪನಿಯದೋ ಹೇಳಬಹುದು. ಹೊರಗೆ ಎಷ್ಟೇ ದೊಡ್ಡ ಬೋರ್ಡು ಇರಲಿ, ಆರನೆಯದು ಪಿ ಆಗಿದ್ದರೆ ಅದು ಒಬ್ಬರ ಹೆಸರಿನ ವ್ಯವಹಾರ. ವ್ಯವಹಾರ ಸಂಘಟನೆಗಳ ಪಾಠ ಒಂದು ಚೀಟಿಯ ಮೇಲೆ ಕಣ್ಣೆದುರು ನಿಲ್ಲುತ್ತದೆ. ಹತ್ತು ಬಿಲ್ ಸೇರಿಸಿ ತರಗತಿಗೆ ಹಂಚಿ. ಒಂದು ಎಚ್ಚರಿಕೆ: ಬಿಲ್ಲಿನಲ್ಲಿ ಗ್ರಾಹಕರ ಫೋನ್ ನಂಬರ್ ಇದ್ದರೆ ಮೊದಲೇ ಹೊಡೆದುಹಾಕಿ. ಮನೆಯವರ ಪ್ಯಾನ್ ಕಾರ್ಡು, ಪಾಸ್‌ಬುಕ್ಕು, ಆಧಾರ್ ತರಲು ಮಕ್ಕಳಿಗೆ ಯಾವ ಕಾರಣಕ್ಕೂ ಹೇಳಬೇಡಿ.

ಬ್ಯಾಂಕಿನ ಐಎಫ್‌ಎಸ್‌ಸಿ ಕೂಡ ಹೀಗೇ: 11 ಸ್ಥಾನ, ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಯಾವಾಗಲೂ ಸೊನ್ನೆ, ಕೊನೆಯ ಆರು ಶಾಖೆಯದು. ಐದನೆಯದನ್ನು ಇಂಗ್ಲಿಷಿನ ಓ ಅಕ್ಷರವೆಂದು ಬರೆಯುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಬರೆದ ಅರ್ಜಿ ವಾಪಸ್ ಬರುತ್ತದೆ. ಚೆಕ್ಕಿನ ಕೆಳಗಿನ 9 ಅಂಕಿಯ ಎಂಐಸಿಆರ್‌ನಲ್ಲಿ ಮೂರು ಊರಿಗೆ, ಮೂರು ಬ್ಯಾಂಕಿಗೆ, ಮೂರು ಶಾಖೆಗೆ.

ಅದೇ ಬಿಲ್ಲಿನ ಕೆಳಭಾಗಕ್ಕೆ ಬನ್ನಿ. 1,000 ರೂಪಾಯಿಯ ವಸ್ತುವಿಗೆ ಶೇ. 18 ತೆರಿಗೆ ಎಂದರೆ ರಾಜ್ಯದೊಳಗಿನ ಮಾರಾಟದಲ್ಲಿ ಕೇಂದ್ರದ ಪಾಲು 90, ರಾಜ್ಯದ ಪಾಲು 90, ಒಟ್ಟು 1,180. ಇದು ಸುಲಭ. ತಿರುಗಿಸಿದಾಗ ಕೆಡುತ್ತದೆ: ತೆರಿಗೆ ಸೇರಿ ಬೆಲೆ 118, ತೆರಿಗೆ ಎಷ್ಟು? 118ರ ಮೇಲೆ ಶೇ. 18 ಹಾಕಿ 21.24 ಎನ್ನುತ್ತಾರೆ. ತೆರಿಗೆ ಹಾಕಿದ್ದು 100ರ ಮೇಲೆ. 118ರಲ್ಲಿ 18 ತೆರಿಗೆ. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ, ಹಾಗಾಗಿ ದಿನವೂ ಬೇಕಾಗುವುದು ಈ ತಿರುಗುಲೆಕ್ಕವೇ. ರಿಯಾಯಿತಿಯಲ್ಲೂ ಇದೇ ಪ್ರಶ್ನೆ, ಯಾವುದರ ಮೇಲೆ ಎಂದು. "ಶೇ. 50, ಮೇಲೆ ಶೇ. 20" ಎಂದರೆ 100 ಮೊದಲು 50 ಆಗುತ್ತದೆ, ಆ 50ರಲ್ಲಿ 10 ಇಳಿಯುತ್ತದೆ. ಒಟ್ಟು ರಿಯಾಯಿತಿ ಶೇ. 60. ಎರಡು ಕೊಂಡರೆ ಒಂದು ಉಚಿತ ಎಂಬುದು ಶೇ. 33 ಚಿಲ್ಲರೆ, ಅದೂ ಮೂರು ಬೇಕಿದ್ದವರಿಗೆ.

ನೋಂದಣಿ ಇದ್ದರೆ ಮಾತ್ರ ಜಿಎಸ್‌ಟಿ ವಸೂಲಿ ಮಾಡಬಹುದು. ಈ ವಾಕ್ಯಕ್ಕೆ ನಾಲ್ಕು ಸಾಲಿನ ಕೋಷ್ಟಕ ಹಾಕಿಸಿ. ನೋಂದಣಿ ಸಂಖ್ಯೆಯಿಲ್ಲದ ಬಿಲ್ಲಿನಲ್ಲಿ ತೆರಿಗೆಯ ಸಾಲು ಇದ್ದರೆ ತಪ್ಪು ನಡೆದಿದೆ. ನೋಂದಣಿ ಸಂಖ್ಯೆ ಇದ್ದು ತೆರಿಗೆಯ ಸಾಲು ಇಲ್ಲದಿದ್ದರೆ ತಪ್ಪು ಎನ್ನಲು ಬಾರದು: ಕಾಂಪೊಸಿಷನ್ ಪದ್ಧತಿಯ (ಒಟ್ಟು ವಹಿವಾಟಿನ ಮೇಲೆ ನಿಗದಿತ ಸಣ್ಣ ದರದಲ್ಲಿ ತಾನೇ ತೆರಿಗೆ ಕಟ್ಟುವ) ವ್ಯಾಪಾರಿ ಗ್ರಾಹಕರಿಂದ ತೆರಿಗೆ ಪ್ರತ್ಯೇಕವಾಗಿ ಪಡೆಯುವಂತಿಲ್ಲ, ತಾಜಾ ತರಕಾರಿಗೆ ತೆರಿಗೆಯೇ ಇಲ್ಲ.

2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದಾಗ ಊರೆಲ್ಲ ಚರ್ಚೆಯಾಯಿತು. ಅದನ್ನು ಹೇಳಿಕೆ ಮತ್ತು ಊಹೆಯ ಪಾಠವಾಗಿ ಮಾಡಬಹುದು. ಖಾತೆಗೆ ಬಂದ ಮೊತ್ತವೇ ವಹಿವಾಟು ಎನ್ನುವಾಗ ಒಳಗೆ ಅಡಗಿರುವ ಊಹೆ ಯಾವುದು? ಬಂದದ್ದೆಲ್ಲ ಮಾರಾಟದ ಹಣ, ತಮ್ಮನು ವಾಪಸ್ ಕೊಟ್ಟ ಕೈಗಡ ಅದರಲ್ಲಿಲ್ಲ ಎಂಬುದು. ಇನ್ನೊಂದು ಕಡೆ "ನನ್ನ ಅಂಗಡಿಯಲ್ಲಿ ಹಾಲೂ ಮಾರುತ್ತೇನೆ, ಹಾಲಿಗೆ ತೆರಿಗೆ ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು" ಎಂಬ ವಾದದಲ್ಲೂ ಒಂದು ಊಹೆ ಇದೆ. ಸರಕು ಮಾತ್ರ ಮಾರುವವರಿಗೆ ಕರ್ನಾಟಕದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ತೆರಿಗೆ ವಿನಾಯಿತಿಯ ವಸ್ತುಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಡ. ಆದರೆ ಎರಡೂ ಬಗೆಯದನ್ನು ಮಾರುವವರ ವಹಿವಾಟು ಎಣಿಸುವಾಗ ವಿನಾಯಿತಿಯ ವಸ್ತುಗಳೂ ಸೇರುತ್ತವೆ. ಒಂದು "ಮಾತ್ರ" ಎಷ್ಟು ಭಾರ ಹೊರುತ್ತದೆ ನೋಡಿ.

ಬಡ್ಡಿಯಲ್ಲಿ ತಪ್ಪುವುದು ಗುಣಾಕಾರ ಅಲ್ಲ, ಅವಧಿ. ಊರಿನಲ್ಲಿ "ಎರಡು ಪರ್ಸೆಂಟ್ ಬಡ್ಡಿ" ಎಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ 24. ಬ್ಯಾಂಕಿನ ಶೇ. 12 ವರ್ಷದ್ದು. ಅಂಕಿ ನೋಡಿ ಎರಡು ಚಿಕ್ಕದು ಎನ್ನುವ ಮಗುವಿಗೆ ಗಣಿತ ಬರುತ್ತದೆ, ಓದು ಬರುವುದಿಲ್ಲ. ಇನ್ನೊಂದು ಬಲೆ ಫ್ಲ್ಯಾಟ್ ದರ, ಅಂದರೆ ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಸಾಲದ ಮೇಲೇ ಬಡ್ಡಿ ಹಾಕುವುದು. 12,000 ರೂಪಾಯಿ ಸಾಲ, ಫ್ಲ್ಯಾಟ್ ಶೇ. 10, ಹನ್ನೆರಡು ಕಂತು. ಬಡ್ಡಿ 1,200, ತಿಂಗಳ ಕಂತು 1,100. ಶೇ. 10 ಸರಿ ತಾನೇ ಎನಿಸುತ್ತದೆ. ಆದರೆ 12,000 ನಿಮ್ಮ ಕೈಯಲ್ಲಿ ಇದ್ದದ್ದು ಮೊದಲ ತಿಂಗಳು ಮಾತ್ರ. ಅಸಲು ತಿಂಗಳಿಗೆ 1,000ದಂತೆ ತೀರುತ್ತದೆ ಎಂದಿಟ್ಟುಕೊಂಡು ಮಕ್ಕಳಿಂದ ಬರೆಸಿ: 12,000, 11,000, 10,000, ಹೀಗೆ 1,000ದವರೆಗೆ. ಕೂಡಿದರೆ 78,000, ಹನ್ನೆರಡರಿಂದ ಭಾಗಿಸಿದರೆ ಸರಾಸರಿ 6,500. ವರ್ಷವಿಡೀ ಸರಾಸರಿ 6,500 ಬಳಸಿ 1,200 ಬಡ್ಡಿ ಕೊಟ್ಟಂತಾಯಿತು, ಅಂದರೆ ಶೇ. 18ರ ಆಸುಪಾಸು. ಇದು ಅಂದಾಜು ವಿಧಾನ. ಇಳಿಕೆ ಬಾಕಿಯ ಪದ್ಧತಿಯಲ್ಲಿ (ಉಳಿದ ಬಾಕಿಯ ಮೇಲಷ್ಟೇ ಬಡ್ಡಿ) ನಿಖರವಾಗಿ ಹಾಕಿದರೂ ಶೇ. 18ಕ್ಕೆ ಕೂದಲೆಳೆಯಷ್ಟು ಕಡಿಮೆ ಬರುತ್ತದೆ.

ಚೆಕ್ಕಿನ ಪಾಠದಲ್ಲಿ ಬಗೆಗಳ ಪಟ್ಟಿ ಬರೆಸಿ ನಿಲ್ಲಿಸುತ್ತೇವೆ. ಅದಕ್ಕಿಂತ ಷರತ್ತುಗಳ ಸರಪಳಿಯಾಗಿ ಓದಿಸಿ. ಚೆಕ್ಕಿನ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. 2012ರ ಏಪ್ರಿಲ್‌ಗಿಂತ ಮೊದಲು ಆರು ತಿಂಗಳಿತ್ತು. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬೌನ್ಸ್ ಆದರೆ 1881ರ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕು, ಹುಂಡಿ ಮುಂತಾದವುಗಳ ಕಾನೂನು) 138ನೇ ಕಲಂ ಅನ್ವಯಿಸುತ್ತದೆ, ಆದರೆ ಕೊಂಡಿಗಳೆಲ್ಲ ಕೂಡಿದರೆ ಮಾತ್ರ: ಚೆಕ್ಕು ಕಾನೂನುಬದ್ಧ ಸಾಲ ಅಥವಾ ಬಾಕಿ ತೀರಿಸಲು ಕೊಟ್ಟದ್ದಾಗಿರಬೇಕು, ಬ್ಯಾಂಕಿನಿಂದ ವಿಷಯ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು, ನೋಟಿಸ್ ತಲುಪಿದ 15 ದಿನದೊಳಗೆ ಚೆಕ್ ಕೊಟ್ಟವರು ಹಣ ಕೊಡದೆ ಇರಬೇಕು. ಈಗ ಪ್ರಶ್ನೆ: ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಟ್ಟ ಚೆಕ್ ಬೌನ್ಸ್ ಆಯಿತು, ನೋಟಿಸ್ ಸಮಯಕ್ಕೆ ಹೋಯಿತು. ಈ ಕಲಂ ಅನ್ವಯಿಸುತ್ತದೆಯೇ? ಇಲ್ಲ, ಉಡುಗೊರೆ ಬಾಕಿಯಲ್ಲ, ಮೊದಲ ಕೊಂಡಿಯೇ ಕಳಚಿದೆ. ಅಕ್ಷರದಲ್ಲಿ ಒಂದು ಮೊತ್ತ, ಅಂಕಿಯಲ್ಲಿ ಇನ್ನೊಂದು ಇದ್ದರೆ? ಕಾಯ್ದೆಯ ಪ್ರಕಾರ ಅಕ್ಷರದ್ದೇ ಮೊತ್ತ. ರೂಢಿಯಲ್ಲಿ ಬ್ಯಾಂಕುಗಳು ಅಂಥ ಚೆಕ್ಕನ್ನು ಸಾಮಾನ್ಯವಾಗಿ ವಾಪಸ್ ಮಾಡುತ್ತವೆ.

ಉದ್ಯಮಗಾರಿಕೆಯ ಪಾಠದಲ್ಲಿ ಉದ್ಯಮಿಗಳ ಹೆಸರು, ಅವರ ಸಂಸ್ಥೆಯ ಹೆಸರು ಹೊಂದಿಸಿ ಬರೆಯಿಸುವುದಕ್ಕೆ ಬಹಳ ಸಮಯ ಹಾಳಾಗುತ್ತದೆ. ಆ ಹೊತ್ತಿನಲ್ಲಿ ಶಾಲೆಯ ಮೆಟ್ರಿಕ್ ಮೇಳದ (ಮಕ್ಕಳೇ ನಡೆಸುವ ಸಂತೆ) ಚುರುಮುರಿ ಅಂಗಡಿಯ ಲೆಕ್ಕ ಮಾಡಿಸಿ. ಎಷ್ಟು ಮಾರಿದರೂ ತಪ್ಪದ ಖರ್ಚು, ಮೇಜು ಬಾಡಿಗೆ, ಪಾತ್ರೆ ಎಲ್ಲ ಸೇರಿ 600. ಒಂದು ಪ್ಲೇಟಿಗೆ ಸಾಮಾನು 12, ಮಾರುವ ಬೆಲೆ 20. ಎಷ್ಟು ಪ್ಲೇಟು ಮಾರಿದರೆ ಅಸಲು ಕೈಗೆ ಬರುತ್ತದೆ? ಮಕ್ಕಳು 600ನ್ನು 20ರಿಂದ ಭಾಗಿಸಿ 30 ಎನ್ನುತ್ತಾರೆ. ಪ್ರತಿ 20ರಲ್ಲಿ 12 ಆಗಲೇ ಮಂಡಕ್ಕಿ, ಈರುಳ್ಳಿಗೆ ಹೋಗಿದೆ, ಉಳಿಯುವುದು 8. ಹಾಗಾಗಿ 75 ಪ್ಲೇಟು. ಮುಂದಿನ ಹೆಜ್ಜೆ ಇನ್ನೂ ಮುಖ್ಯ. 100 ಪ್ಲೇಟು ಮಾರಿದರು, 25 ಪ್ಲೇಟು ಉದ್ರಿ. ಮಾರಾಟ 2,000, ಖರ್ಚು 1,800, ಲಾಭ 200. ಆದರೆ ಕೈಗೆ ಬಂದ ನಗದು 1,500, ಕೈಯಿಂದ ಹೋದದ್ದು 1,800. ಪುಸ್ತಕದಲ್ಲಿ 200 ಲಾಭ, ಗಲ್ಲಾದಲ್ಲಿ 300 ಕೊರತೆ. ಎರಡೂ ಏಕಕಾಲಕ್ಕೆ ನಿಜ. ಇದು ಅರ್ಥವಾದ ಮೇಲೆ ಒಂಬತ್ತನೇ ತರಗತಿಯ ಡೆಬಿಟ್, ಕ್ರೆಡಿಟ್ ನಿಯಮಗಳು ಯಾಕೆ ಬೇಕು ಎಂದು ಬೇರೆ ಹೇಳಬೇಕಿಲ್ಲ. ಉದ್ರಿ ತೆಗೆದುಕೊಂಡವರ ಹೆಸರಿಗೆ ಖಾತೆ ಬೇಕು ಎಂದು ಮಕ್ಕಳೇ ಕೇಳುತ್ತಾರೆ.

ಗ್ರಾಹಕ ರಕ್ಷಣೆಯಲ್ಲಿ ಹಳೆಯ ಅಂಕಿಗಳನ್ನು ಬೋಧಿಸದಂತೆ ನೋಡಿಕೊಳ್ಳಿ. 1986ರ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದಿದೆ, ಜಾರಿಯಾದದ್ದು 2020ರ ಜುಲೈನಲ್ಲಿ. 2021ರ ಡಿಸೆಂಬರ್ ಕೊನೆಯಲ್ಲಿ ಬಂದ ನಿಯಮಗಳ ಪ್ರಕಾರ ಜಿಲ್ಲಾ ಆಯೋಗಕ್ಕೆ 50 ಲಕ್ಷದವರೆಗೆ, ರಾಜ್ಯ ಆಯೋಗಕ್ಕೆ 2 ಕೋಟಿವರೆಗೆ, ಅದಕ್ಕೂ ಮೇಲೆ ರಾಷ್ಟ್ರೀಯ ಆಯೋಗ. ಅಳೆಯುವುದು ವಸ್ತುವಿಗೆ ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಸಹಾಯವಾಣಿ 1915. "ಒಮ್ಮೆ ಮಾರಿದ ವಸ್ತುವನ್ನು ವಾಪಸ್ ಪಡೆಯಲಾಗುವುದಿಲ್ಲ" ಎಂಬ ಬೋರ್ಡನ್ನು ಇಲ್ಲಿ ಮತ್ತೆ ತೆಗೆಯಿರಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಹಾಗೆಂದು ಬಣ್ಣ ಇಷ್ಟವಾಗಲಿಲ್ಲ ಎಂದು ವಾಪಸ್ ಕೊಡುವ ಹಕ್ಕು ಬಂತೇ? ಕಾಯ್ದೆ ಹೇಳಿದ್ದು "ದೋಷವಿರುವ" ವಸ್ತುವಿನ ಬಗ್ಗೆ. ಆ ಒಂದು ವಿಶೇಷಣವನ್ನು ಬಿಟ್ಟು ಓದುವ ಮಕ್ಕಳು ಎಷ್ಟು ಮಂದಿ ಎಂದು ಪರೀಕ್ಷಿಸಿ ನೋಡಿ.

40 ನಿಮಿಷದ ಪೀರಿಯಡ್‌ಗೆ ಒಂದೇ ಕಾಗದ ಸಾಕು. ಐದು ನಿಮಿಷ ಮೌನವಾಗಿ ಓದು. ಹತ್ತು ನಿಮಿಷ, ಪ್ರತಿ ಮಗುವೂ "ಈ ಕಾಗದ ಹೇಳುವುದು" ಎಂದು ಮೂರು ವಾಕ್ಯ, "ಹೇಳದಿರುವುದು" ಎಂದು ಎರಡು ವಾಕ್ಯ ಬರೆಯಲಿ. ಇಪ್ಪತ್ತು ನಿಮಿಷ ಚರ್ಚೆ, ಕೋಷ್ಟಕ, ಲೆಕ್ಕ. ಕೊನೆಯ ಐದು ನಿಮಿಷದಲ್ಲಿ ಮಕ್ಕಳೇ ಅದೇ ಕಾಗದದ ಮೇಲೆ ನಾಲ್ಕು ಆಯ್ಕೆಯ ಒಂದು ಪ್ರಶ್ನೆ ಬರೆಯಲಿ. ತಪ್ಪು ಆಯ್ಕೆ ಹುಟ್ಟಿಸುವುದು ಸರಿ ಉತ್ತರ ಹುಡುಕುವುದಕ್ಕಿಂತ ಕಷ್ಟ, ಕಲಿಕೆ ಅಲ್ಲಿ ಹೆಚ್ಚು. ಸಮಾಜ ವಿಜ್ಞಾನದ ಶಿಕ್ಷಕರು, ಗಣಿತದವರು ಇದನ್ನು ಹಂಚಿಕೊಳ್ಳಬಹುದು. ಕನ್ನಡದ ಶಿಕ್ಷಕರು ಇರಲೇಬೇಕು ಎಂಬುದು ನನ್ನ ಒತ್ತಾಯ.

ಇಂಥ ಸಭೆಗಳಲ್ಲಿ ತಪ್ಪದೆ ಬರುವ ಪ್ರಶ್ನೆಗೆ ಉತ್ತರಿಸಿ ಮುಗಿಸುತ್ತೇನೆ: ಅಕ್ಷರ ಸರಣಿಗಳು ಇಂಗ್ಲಿಷ್ ವರ್ಣಮಾಲೆಯಲ್ಲೇ ಬರುತ್ತವೆ, ಕನ್ನಡ ಮಾಧ್ಯಮದ ಮಕ್ಕಳು ಏನು ಮಾಡಬೇಕು? ಮೊದಲು ಸರಣಿ ಎಂದರೇನು ಎಂಬುದನ್ನು ನಮ್ಮ ವರ್ಗೀಯ ವ್ಯಂಜನಗಳಲ್ಲೇ ಕಲಿಸಿ. ಐದು ಸಾಲು, ಐದು ಕಂಬ ಆಗಲೇ ಸಿದ್ಧವಿದೆ. ಸಾಲಿನ ಸಂಖ್ಯೆ ಮೊದಲು, ಕಂಬದ ಸಂಖ್ಯೆ ಆಮೇಲೆ: ಘ ಎಂದರೆ 14, ಜ ಎಂದರೆ 23, ಪ ಎಂದರೆ 51. ಯ ಇಂದ ಳ ವರೆಗಿನ ಒಂಬತ್ತು ಅವರ್ಗೀಯಗಳಿಗೆ 61ರಿಂದ 69. "ಕ : ಘ :: ತ : ?" ಎಂದರೆ ಧ, ಏಕೆಂದರೆ ಎರಡೂ ನಾಲ್ಕನೇ ಕಂಬಕ್ಕೆ ಹೋಗುತ್ತವೆ. ಸ್ವರಚಿಹ್ನೆ, ಒತ್ತಕ್ಷರ ಬಂದಾಗ ಗೊಂದಲವಾಗುತ್ತದೆ: "ಬ್ಯಾಂಕ್" ಎಂಬುದನ್ನು ಬರೆದಂತೆ ಎಣಿಸಿದರೆ ಎರಡು, ವರ್ಣ ಬಿಡಿಸಿ ಬರೆದರೆ ಐದು. ಯಾವ ಎಣಿಕೆ ಎಂದು ಪ್ರಶ್ನೆಯಲ್ಲೇ ಬರೆಯಬೇಕು, ಇಲ್ಲವೇ "ಕಮಲ", "ನಗರ" ತರಹದ ಸರಳ ಪದಗಳಲ್ಲಿ ನಿಲ್ಲಿಸಬೇಕು. ಇದು ಕೈಗೆ ಹತ್ತಿದ ಮೇಲೆ ಇಂಗ್ಲಿಷ್ ವರ್ಣಮಾಲೆಗೆ ಹೋಗಿ. 26ನ್ನೂ ಅಂಕಿ ಸಮೇತ ಬಾಯಿಪಾಠ ಮಾಡಿಸಬೇಡಿ. ಇ 5, ಜೆ 10, ಓ 15, ಟಿ 20, ವೈ 25, ಈ ಐದು ಸಾಕು. ಆರ್ ಬೇಕಾದರೆ ಟಿಯಿಂದ ಎರಡು ಹಿಂದೆ, 18. ಹಿಂದಿನಿಂದ ಎಣಿಸುವ ಪ್ರಶ್ನೆಯಲ್ಲಿ 27ರಿಂದ ಕಳೆಯಿರಿ: ಮುಂದಿನಿಂದ 18ನೆಯದು ಹಿಂದಿನಿಂದ 9ನೆಯದು. 26ರಿಂದ ಕಳೆದು 8 ಎನ್ನುವ ತಪ್ಪು ಸಾಮಾನ್ಯ, ಏಕೆಂದರೆ ಆ ಅಕ್ಷರವನ್ನು ಎರಡೂ ಕಡೆಯಿಂದ ಒಮ್ಮೊಮ್ಮೆ ಎಣಿಸುತ್ತೇವೆ. ಪರೀಕ್ಷೆಯ ದಿನ ಪತ್ರಿಕೆ ಕೈಗೆ ಬಂದೊಡನೆ ಈ ಐದು ಅಕ್ಷರ ಮತ್ತು ಅಂಕಿಗಳನ್ನು ರಫ್ ಕೆಲಸದ ಜಾಗದಲ್ಲಿ ಬರೆದುಕೊಳ್ಳಲಿ. ಸಣ್ಣ ಪ್ರಶ್ನೆಗಳನ್ನು ಮೊದಲು ಮುಗಿಸಿ, ಐದಾರು ಜನರನ್ನು ಸಾಲಾಗಿ ಕೂರಿಸುವಂಥ ಉದ್ದದ ಒಗಟುಗಳನ್ನು ಕೊನೆಯ ಕಾಲು ಗಂಟೆಗೆ ಇಟ್ಟುಕೊಳ್ಳಲಿ.